ನಿಂತಾಗ ಒಂದು ಸೋರಿಕೆ, ಓಡುವಾಗ ಇನ್ನೊಂದು

ಹಳೇ ಡೀಸೆಲ್ ಪಿಕಪ್ ಸೋರುತ್ತಿದೆ ಅಂತ ಮೊದಲು ಗೊತ್ತಾಗುವುದು ಮೂಗಿಗೆ. ನನ್ನ ಗಾಡಿಯಲ್ಲೂ ಹಾಗೇ ಆಯಿತು. ಕಿಟಕಿ ಇಳಿಸಿ ನಿಧಾನವಾಗಿ ಹೋಗುವಾಗ ಡೀಸೆಲ್ ವಾಸನೆ ಒಳಗೆ ಬರುತ್ತಿತ್ತು. ಆಮೇಲೆ ಗಾಡಿ ನಿಲ್ಲಿಸಿದ ಜಾಗದಲ್ಲಿ ಅಂಗೈ ಅಗಲದ ಕಲೆ ಕಾಣಿಸಿತು. ಇದರ ಜೊತೆಗೆ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದೂ ಶುರುವಾಯಿತು. ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಸೈಲೆನ್ಸರ್‌ನಲ್ಲಿ ಹೊಗೆಯೂ ಬರುವುದಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಂತ ಅರ್ಥ. ಹೊಗೆಯೇ ಇಲ್ಲ ಅಂದರೆ ಡೀಸೆಲ್, ಅದನ್ನು ಸಿಲಿಂಡರಿಗೆ ಎರಚುವ ನಾಜಲ್ ತನಕ ತಲುಪಿಯೇ ಇಲ್ಲ.

ತೋರಿಸಿದ ಕಡೆ ಮೆಕ್ಯಾನಿಕ್ ಬಾನೆಟ್ ಎತ್ತಿ ಪಂಪಿನ ಕೆಳಗೆ ಬೆರಳಾಡಿಸಿದರು. ಬೆರಳು ಒದ್ದೆಯಾಯಿತು. ‘ಪಂಪ್ ಇಳಿಸಬೇಕು’ ಅಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ನಾಜಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಈ ಇಂಜೆಕ್ಷನ್ ಪಂಪ್ ಇಳಿಸಿದರೆ ಅದು ಪರೀಕ್ಷೆಯ ಬೆಂಚಿಗೆ ಹೋಗಬೇಕು, ವಾಪಸ್ ಕೂರಿಸುವಾಗ ಟೈಮಿಂಗ್, ಅಂದರೆ ಡೀಸೆಲ್ ಎರಚುವ ಸಮಯ, ಮತ್ತೆ ಹೊಂದಿಸಬೇಕು. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ನಿಜವಾಗಿಯೂ ಪಂಪೇ ಸೋರುತ್ತಿದೆಯಾ, ಅಥವಾ ಮೇಲಿಂದ ಇಳಿದದ್ದು ಪಂಪಿನ ಮೇಲೆ ನಿಂತಿದೆಯಾ ಅಂತ ತಿಳಿಯಬೇಕಲ್ವಾ?

ನನ್ನ ಗಾಡಿಯದು ಎಲೆಕ್ಟ್ರಾನಿಕ್ಸ್ ಇಲ್ಲದ ಕಾಲದ ನಾಲ್ಕು ಸಿಲಿಂಡರ್ ಎಂಜಿನ್. ವಿಇ ಮಾದರಿಯ ರೋಟರಿ ಪಂಪ್ ಇದೆ, ಅಂದರೆ ತಿರುಗುತ್ತಾ ಎಲ್ಲ ಸಿಲಿಂಡರ್‌ಗೂ ಸರದಿಯಲ್ಲಿ ಡೀಸೆಲ್ ಹಂಚುವ ಇಂಜೆಕ್ಷನ್ ಪಂಪ್. ಟ್ಯಾಂಕಿನಿಂದ ಡೀಸೆಲ್ ತಳ್ಳುವುದಕ್ಕೆ ಬೇರೆ ಲಿಫ್ಟ್ ಪಂಪ್ ಇಲ್ಲ. ಇಂಜೆಕ್ಷನ್ ಪಂಪಿನ ಒಳಗೇ ಇರುವ ಪುಟ್ಟ ವೇನ್ ಪಂಪ್ ಅಷ್ಟು ದೂರದಿಂದ ಎಳೆದುಕೊಳ್ಳುತ್ತದೆ. ಈ ಒಂದು ವಿಷಯ ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಯಾಕೆಂದರೆ ಟ್ಯಾಂಕಿನಿಂದ ಪಂಪಿನವರೆಗಿನ ಲೈನ್ ಪೂರ್ತಿ ಎಳೆತದಲ್ಲಿ ಇರುತ್ತದೆ. ಅಲ್ಲಿ ತೂತಾದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪಂಪಿನ ಒಳಗೆ, ಅಲ್ಲಿಂದ ನಾಜಲ್‌ಗೆ ಹೋಗುವ ಪೈಪುಗಳಲ್ಲಿ, ನಾಜಲ್‌ನಿಂದ ಮರಳುವ ರಿಟರ್ನ್ ಲೈನಿನಲ್ಲಿ ಒತ್ತಡ ಇರುತ್ತದೆ. ಅಲ್ಲಿ ತೂತಾದರೆ ಓಡುವಾಗಲೇ ಸೋರುತ್ತದೆ.

ಹಾಗಾಗಿ ಎಲ್ಲಿ ಸೋರುತ್ತಿದೆ ಅಂತ ಹುಡುಕುವ ಮುಂಚೆ ಯಾವಾಗ ಸೋರುತ್ತಿದೆ ಅಂತ ನೋಡಲು ಕೂತೆ. ಗಾಡಿಯ ಕೆಳಗೆ ಉದ್ದಕ್ಕೂ ರಟ್ಟು ಹಾಸಿದೆ. ಎಂಜಿನ್ ಐಡಲ್‌ನಲ್ಲಿ ಬಿಟ್ಟಾಗ ಮುಂದಿನ ರಟ್ಟಿನ ಮೇಲೆ, ಎಂಜಿನ್ನಿನ ಕೆಳಗೆ, ಹನಿ ಬಿತ್ತು. ಆಫ್ ಮಾಡಿ ರಾತ್ರಿಯಿಡೀ ಬಿಟ್ಟರೆ ಅಲ್ಲಿ ಹೊಸ ಹನಿ ಇಲ್ಲ. ಕ್ಯಾಬಿನ್ನಿನ ಹಿಂದೆ, ಚಾಸಿಯ ಪಕ್ಕದ ರಟ್ಟಿನಲ್ಲಿ ಕಲೆ. ಅದೂ ಟ್ಯಾಂಕ್ ಫುಲ್ ಇದ್ದಾಗ ಮಾತ್ರ. ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಹಿಂದೆ ಒಂದು ಹನಿಯೂ ಬೀಳಲಿಲ್ಲ, ಆದರೆ ಬೆಳಗಿನ ಸ್ಟಾರ್ಟ್ ತೊಂದರೆ ಜಾಸ್ತಿಯಾಯಿತು. ಒಂದಲ್ಲ, ಎರಡು ಸೋರಿಕೆ ಅಂತ ಆಗಲೇ ಗೊತ್ತಾಯಿತು. ಹಿಂದಿನದು ಎಳೆತದ ಲೈನಿನದು. ಟ್ಯಾಂಕ್ ತುಂಬಿದ್ದರೆ ಡೀಸೆಲ್ ಮಟ್ಟ ತೂತಿಗಿಂತ ಮೇಲಿರುತ್ತದೆ, ನಿಂತಾಗ ತೊಟ್ಟಿಕ್ಕುತ್ತದೆ. ಮಟ್ಟ ಕೆಳಗಿಳಿದರೆ ಅದೇ ತೂತಿನಿಂದ ಗಾಳಿ ನುಗ್ಗುತ್ತದೆ, ಲೈನಿನಲ್ಲಿದ್ದ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿದುಹೋಗುತ್ತದೆ. ಬೆಳಿಗ್ಗೆ ಪಂಪಿಗೆ ಸಿಗುವುದು ಬರೀ ಗಾಳಿ.

ಕೈ ಹಾಕುವ ಮುಂಚೆ ಇನ್ನೊಂದು ನೋಡಿಕೊಂಡೆ. ಆಯಿಲ್ ಡಿಪ್‌ಸ್ಟಿಕ್. ಪಂಪಿನ ಶಾಫ್ಟ್ ಸೀಲ್ ಹೋಗಿದ್ದರೆ ಕೆಲವು ಎಂಜಿನ್ನುಗಳಲ್ಲಿ ಡೀಸೆಲ್ ಹೊರಗೆ ಬರದೆ ಟೈಮಿಂಗ್ ಗೇರಿನ ಕಡೆಯಿಂದ ಆಯಿಲಿಗೆ ಸೇರುತ್ತದೆ. ಮಟ್ಟ ಏರುತ್ತದೆ, ಆಯಿಲ್ ನೀರಿನಂತೆ ತೆಳ್ಳಗಾಗುತ್ತದೆ, ಬೇರಿಂಗ್ ಹಾಳಾಗುತ್ತದೆ. ಲಿಫ್ಟ್ ಪಂಪ್ ಇರುವ ಕೆಲವು ಗಾಡಿಗಳಲ್ಲಿ ಅದರ ಡಯಾಫ್ರಾಮ್ (ಒಳಗಿನ ರಬ್ಬರ್ ಪೊರೆ) ಹರಿದರೂ ಇದೇ ಕಥೆ. ನನ್ನದರಲ್ಲಿ ಮಟ್ಟ ಸರಿಯಾಗಿತ್ತು, ಡೀಸೆಲ್ ವಾಸನೆ ಇರಲಿಲ್ಲ. ಸಮಾಧಾನವಾಯಿತು.

ಡೀಸೆಲ್ ಪೆಟ್ರೋಲಿನ ಹಾಗೆ ಥಟ್ಟನೆ ಹೊತ್ತಿಕೊಳ್ಳುವುದಿಲ್ಲ ನಿಜ. ಅದರ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಉಷ್ಣತೆ, ಸಾಮಾನ್ಯವಾಗಿ ಸುಮಾರು 55 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಮೇಲೆ. ಹಾಗಂತ ಸುಮ್ನೆ ಬಿಡುವ ಹಾಗಿಲ್ಲ. ಲೋಡಿನಲ್ಲಿ ಏರು ಹತ್ತುವಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ 300 ಡಿಗ್ರಿ ದಾಟಿ ಕಾಯುತ್ತದೆ. ಅದರ ಮೇಲೆ ಬಿದ್ದ ಡೀಸೆಲ್ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳಬಹುದು. ರಸ್ತೆ ಮೇಲೆ ಬಿದ್ದರಂತೂ ಹಿಂದೆ ಬರುವ ಬೈಕಿನವರು ಜಾರಿ ಬೀಳುತ್ತಾರೆ. ಸಣ್ಣ ಸೋರಿಕೆ ಅಲ್ವಾ, ಆಮೇಲೆ ನೋಡಿದರಾಯಿತು ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಮಾತನ್ನೇ. ನಮ್ಮ ಗಾಡಿಯ ಸೋರಿಕೆ ಬೇರೆಯವರ ಕೈಕಾಲು ಮುರಿಯಬಾರದು. ಎಂಜಿನ್ ಓಡಿಸಿ ನೋಡುವ ಹೊತ್ತು ಬಿಟ್ಟು ಉಳಿದಾಗ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಟ್ಟೆ, ಕೈಗೆ ನೈಟ್ರೈಲ್ ಗ್ಲೌಸ್ ಹಾಕಿದೆ, ಗಾಡಿಯನ್ನು ಜಾಕಿನ ಮೇಲಲ್ಲ, ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ.

ಮುಂದಿನ ಸೋರಿಕೆಯಿಂದ ಶುರು ಮಾಡಿದೆ. ಎಂಜಿನ್ ಮೇಲೆ ವರ್ಷಗಳ ಜಿಡ್ಡು, ದೂಳು ಕೂತಿದ್ದರೆ ಹೊಸ ಸೋರಿಕೆ ಕಾಣಿಸುವುದೇ ಇಲ್ಲ. ಡಿಗ್ರೀಸರ್ ಹಾಕಿ ಬ್ರಷ್‌ನಲ್ಲಿ ಉಜ್ಜಿದೆ. ಆಲ್ಟರ್ನೇಟರ್‌ಗೆ ನೀರು ಹೋಗದಂತೆ ಪ್ಲಾಸ್ಟಿಕ್ ಕಟ್ಟಿ ತೊಳೆದೆ. ಪೂರ್ತಿ ಒಣಗಿದ ಮೇಲೆ ಟಾಲ್ಕಂ ಪೌಡರನ್ನು ಮೆತ್ತನೆಯ ಬ್ರಷ್‌ನಿಂದ ಪಂಪ್, ನಾಜಲ್, ಪೈಪುಗಳ ಮೇಲೆ ತೆಳ್ಳಗೆ ಉದುರಿಸಿದೆ. ಡೈ ಹಾಕಿ ನೇರಳಾತೀತ ಟಾರ್ಚ್ ಬಿಟ್ಟು ನೋಡುವ ವಿಧಾನವೂ ಇದೆ. ಪೌಡರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಒದ್ದೆಯಾದ ಕ್ಷಣವೇ ಬಿಳುಪು ಕಂದಾಗುತ್ತದೆ, ಯಾವ ಕಡೆಯಿಂದ ಇಳಿಯಿತು ಅಂತ ಗೆರೆಯೂ ಮೂಡುತ್ತದೆ. ನೋಡಬೇಕಾದದ್ದು ಒದ್ದೆಯ ಅತಿ ಮೇಲಿನ ಜಾಗ. ಕೆಳಗಿನದೆಲ್ಲ ಹರಿದು ಬಂದದ್ದು.

ಎಂಜಿನ್ ಐಡಲ್‌ನಲ್ಲಿ ಬಿಟ್ಟು ಕಾದೆ. ಸ್ವಲ್ಪ ಹೊತ್ತಿಗೆ ಕೊನೆಯ ನಾಜಲ್‌ನ ಪಕ್ಕ ಪೌಡರ್ ಬಣ್ಣ ಬದಲಾಯಿತು. ಅಲ್ಲಿಂದ ಒಂದು ಗೆರೆ ಬ್ಲಾಕ್ ಗುಂಟ ಇಳಿದು ಪಂಪಿನ ಬ್ರಾಕೆಟ್ ಸೇರಿ, ಪಂಪಿನ ತಳದಲ್ಲಿ ಹನಿಯಾಗಿ ನಿಂತಿತು. ಪಂಪಿನ ಕೆಳಗೆ ಬೆರಳು ಒದ್ದೆಯಾದದ್ದು ಇದರಿಂದಲೇ.

ಈ ಎಂಜಿನ್ನಿನಲ್ಲಿ ಒಂದು ನಾಜಲ್‌ನಿಂದ ಇನ್ನೊಂದಕ್ಕೆ ಪೆನ್ಸಿಲ್‌ಗಿಂತ ಸಣ್ಣ ರಿಟರ್ನ್ ಹೋಸ್ ಇರುತ್ತದೆ. ಒಳಗೆ ರಬ್ಬರ್, ಹೊರಗೆ ಬಟ್ಟೆಯ ಹೆಣಿಗೆ, ಒಳವ್ಯಾಸ 3.2 ಮಿಲಿಮೀಟರ್. ಕೊನೆಯ ನಾಜಲ್‌ನ ಖಾಲಿ ತುದಿಗೆ ಬೆರಳ ತುದಿಯಷ್ಟು ರಬ್ಬರ್ ಟೋಪಿ. ಆ ಟೋಪಿಯ ಬುಡದಲ್ಲಿ ಕೂದಲೆಳೆ ಬಿರುಕು. ಹಿಸುಕಿದರೆ ಬಿರುಕು ಬಾಯಿ ತೆರೆಯಿತು, ಒಳಗಿಂದ ಡೀಸೆಲ್ ಒಸರಿತು. ಹೋಸುಗಳ ಬಟ್ಟೆಯೂ ಕಪ್ಪಗೆ ನೆಂದಿತ್ತು. ಒಂದನ್ನು ಕಿತ್ತು ಮಡಿಸಿದಾಗ ರಬ್ಬರ್ ಬಾಗಲಿಲ್ಲ, ಪಟ್ಟಂತ ಮುರಿದು ಪುಡಿ ಉದುರಿತು.

ಹಳೇ ಗಾಡಿಗಳಲ್ಲಿ ಇದು ಬರೀ ವಯಸ್ಸಿನಿಂದ ಆಗುವುದಲ್ಲ. ಆ ಕಾಲದ ಹೋಸ್, ಓ-ರಿಂಗ್‌ಗಳಲ್ಲಿ ಹೆಚ್ಚಿನವು ನೈಟ್ರೈಲ್ ರಬ್ಬರಿನವು. ಹಳೇ ಡೀಸೆಲ್‌ನಲ್ಲಿದ್ದ ಆರೊಮ್ಯಾಟಿಕ್ ಅಂಶಗಳನ್ನು ಹೀರಿಕೊಂಡು ಅವು ಸ್ವಲ್ಪ ಉಬ್ಬಿಕೊಂಡಿರುತ್ತಿದ್ದವು, ಆ ಉಬ್ಬಿನಿಂದಲೇ ಬಿಗಿಯಾಗಿ ಕೂರುತ್ತಿದ್ದವು. ಗಂಧಕ ಕಡಿಮೆ ಮಾಡಲು ಡೀಸೆಲನ್ನು ಸಂಸ್ಕರಿಸುವಾಗ ಆ ಅಂಶಗಳೂ ಕಡಿಮೆಯಾಗುತ್ತವೆ. ಈಗಿನ ಡೀಸೆಲ್‌ನಲ್ಲಿ ಹಲವು ಕಡೆ ಗಂಧಕದ ಮಿತಿ 10ರಿಂದ 15 ಪಿಪಿಎಂ ಮಾತ್ರ. ಹಳೇ ರಬ್ಬರ್ ಕುಗ್ಗುತ್ತದೆ, ಗಡಸಾಗುತ್ತದೆ, ಸಂದಿ ಬಿಡುತ್ತದೆ. ಬಯೋಡೀಸೆಲ್ ಜಾಸ್ತಿ ಬೆರೆತರೆ ಹಳೇ ರಬ್ಬರಿಗೆ ಇನ್ನೂ ಕಷ್ಟ. ಹಾಗಾಗಿ ಒಂದು ಟೋಪಿ ಬದಲಿಸಿ ಕೈ ತೊಳೆದುಕೊಳ್ಳಲಿಲ್ಲ. ಸಣ್ಣ ಹೋಸುಗಳನ್ನೆಲ್ಲ ಕಿತ್ತು, ಡೀಸೆಲ್ ತಾಳಿಕೊಳ್ಳುವ ವೈಟಾನ್ ರಬ್ಬರಿನ ಒಳಪದರ ಇರುವ ಹೋಸನ್ನು ಅದೇ ಅಳತೆಗೆ ಕತ್ತರಿಸಿ ಹಾಕಿದೆ. ನಾಜಲ್ ತುದಿಯ ಮೇಲೆ ಹಳೇ ರಬ್ಬರಿನ ಚೂರು ಅಂಟಿಕೊಂಡಿದ್ದರೆ ಉಗುರಿನಿಂದಲೋ ಬಟ್ಟೆಯಿಂದಲೋ ತೆಗೆಯಬೇಕು. ಬ್ಲೇಡ್ ಹಾಕಿ ಕೆರೆದರೆ ಆ ಗೀರಿನಲ್ಲೇ ಮತ್ತೆ ಒಸರುತ್ತದೆ.

ಮುಂದಿನದು ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಹಿಂದಿನದೇ ಬೆವರಿಳಿಸಿದ ಕೆಲಸ.

ಪಂಪಿಗೆ ಬರುವ ಹೋಸಿನ ಜಾಗದಲ್ಲಿ ಒಂದು ತುಂಡು ಪಾರದರ್ಶಕ ಟ್ಯೂಬ್ ಹಾಕಿ ಎಂಜಿನ್ ಚಾಲೂ ಮಾಡಿದೆ. ಕಣ್ಣಾರೆ ಕಂಡಿತು. ಡೀಸೆಲ್ ಜೊತೆ ಸಣ್ಣ ಗುಳ್ಳೆಗಳ ಸಾಲು ಬಿಡದೆ ಹೋಗುತ್ತಿತ್ತು. ರೇಸ್ ಮಾಡಿದರೆ ಗುಳ್ಳೆ ದಪ್ಪವಾಗುತ್ತಿತ್ತು. ಈ ಟ್ಯೂಬ್ ಪರೀಕ್ಷೆಗೆ ಮಾತ್ರ, ಹಾಗೇ ಬಿಟ್ಟರೆ ಡೀಸೆಲ್‌ಗೆ ಗಟ್ಟಿಯಾಗಿ ಸೀಳುತ್ತದೆ. ಆಮೇಲೆ ಫಿಲ್ಟರ್‌ಗೆ ಬರುವ ಲೈನ್ ಬಿಚ್ಚಿ, ಆ ಬಾಯಿಗೆ ಹೊಸ ಹೋಸ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಶುದ್ಧ ಡೀಸೆಲ್ ತುಂಬಿದ ಕ್ಯಾನಿನಲ್ಲಿ ಮುಳುಗಿಸಿದೆ. ಕ್ಯಾನನ್ನು ಟ್ಯಾಂಕಿನ ಮಟ್ಟಕ್ಕೆ ಕೆಳಗೇ ಇಟ್ಟೆ, ಮೇಲಿಟ್ಟರೆ ಎಳೆತವೇ ಇರುವುದಿಲ್ಲ, ಪರೀಕ್ಷೆ ಸುಳ್ಳಾಗುತ್ತದೆ. ಎಂಜಿನ್ ಚಾಲೂ ಮಾಡಿದೆ. ಇದ್ದ ಗಾಳಿ ಹೋದ ಮೇಲೆ ಟ್ಯೂಬ್ ಶುಭ್ರವಾಯಿತು, ಒಂದು ಗುಳ್ಳೆಯೂ ಇಲ್ಲ. ಅಂದರೆ ಫಿಲ್ಟರ್, ಅದರ ಹ್ಯಾಂಡ್ ಪಂಪ್, ಅಲ್ಲಿಂದ ಮುಂದಿನದೆಲ್ಲ ಸರಿಯಾಗಿದೆ. ದೋಷ ಹಿಂದೆ, ಚಾಸಿ ಗುಂಟ ಹೋಗುವ ಪೈಪಿನಲ್ಲಿ ಅಥವಾ ಟ್ಯಾಂಕಿನ ತಲೆಯಲ್ಲಿ. ಲೈನಿನಲ್ಲಿ ಗಾಳಿಯ ಅನುಮಾನ ಇದ್ದವರಿಗೆ ನಾನು ಮೊದಲು ಹೇಳುವುದು ಈ ಕ್ಯಾನ್ ಪರೀಕ್ಷೆಯನ್ನೇ. ಇಡೀ ಗಾಡಿಯನ್ನು ಎರಡು ಪಾಲು ಮಾಡಿ ಕೊಡುತ್ತದೆ.

ಕೆಳಗೆ ಮಲಗಿ ಟಾರ್ಚ್ ಬಿಟ್ಟು ಪೈಪಿನ ಗುಂಟ ಕೈ ಆಡಿಸುತ್ತಾ ಹೋದೆ. ಉಕ್ಕಿನ ಪೈಪು, 8 ಮಿಲಿಮೀಟರ್ ವ್ಯಾಸ. ಬಯಲಿಗೆ ಕಾಣುವ ಭಾಗದಲ್ಲಿ ಮೇಲ್ಮೈ ತುಕ್ಕು ಅಷ್ಟೇ. ಆದರೆ ಕ್ಯಾಬಿನ್ನಿನ ಹಿಂದೆ, ಪೈಪನ್ನು ಚಾಸಿಗೆ ಹಿಡಿದಿಡುವ ಕ್ಲ್ಯಾಂಪಿನ ಹತ್ತಿರ, ಕೆಸರು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಒಣ ಕೆಸರಿನ ಮಧ್ಯೆ ಅದೊಂದು ಜಾಗ ಮಾತ್ರ ಕಪ್ಪಗೆ, ಹಸಿಯಾಗಿ ಇತ್ತು. ಸ್ಕ್ರೂಡ್ರೈವರ್‌ನಿಂದ ಕೆಸರು ಕೆದಕಿದೆ. ಕ್ಲ್ಯಾಂಪಿನ ಬೋಲ್ಟ್ ಬಿಚ್ಚಿ ಸರಿಸಿದಾಗ ಅದರಡಿಯಿಂದ ತುಕ್ಕಿನ ತೆಳು ಪದರವೊಂದು ಎದ್ದು ಬಂತು. ಅದರ ಕೆಳಗೆ ಲೋಹ ಒದ್ದೆಯಾಗಿ ಹೊಳೆಯುತ್ತಿತ್ತು. ಬಟ್ಟೆಯಿಂದ ಒರೆಸಿದೆ. ಸೂಜಿಮೊನೆಯಷ್ಟು ಜಾಗದಿಂದ ಡೀಸೆಲ್ ಮತ್ತೆ ಮೂಡಿತು, ನಿಧಾನವಾಗಿ ಗುಂಡಗಾಯಿತು, ಪೈಪಿನ ತಳಕ್ಕೆ ಜಾರಿ ನಿಂತು ಬಿತ್ತು. ಕ್ಲ್ಯಾಂಪಿನ ಅಡಿಯಲ್ಲಿ ಕೆಸರು ತೇವ ಹಿಡಿದಿಡುತ್ತದೆ, ಕಂಪನಕ್ಕೆ ಕ್ಲ್ಯಾಂಪ್ ಬಣ್ಣ ಸವೆಸುತ್ತದೆ. ಉಕ್ಕಿನ ಪೈಪು ಮೊದಲು ಸಾಯುವುದು ಇಂಥ ಜಾಗದಲ್ಲೇ.

ಇದಕ್ಕೆ ಎಂಸೀಲ್‌ನಂಥದ್ದು ಮೆತ್ತಿ ಟೇಪ್ ಸುತ್ತುವವರಿದ್ದಾರೆ. ನಾನು ಅದನ್ನು ನಂಬುವುದಿಲ್ಲ. ತುಕ್ಕು ಒಂದು ಕಡೆ ತೂತು ಮಾಡಿದೆ ಅಂದರೆ ಅಕ್ಕಪಕ್ಕವೂ ಕಾಗದದಷ್ಟು ತೆಳ್ಳಗಾಗಿರುತ್ತದೆ. ಹಾಳಾದ ಭಾಗ ಕತ್ತರಿಸಿ ನಡುವೆ ಹೋಸ್ ಸೇರಿಸುವುದು ಒಪ್ಪಬಹುದಾದ ದಾರಿ. ಆದರೆ ಹಾಗೆ ಮಾಡಲು ಎರಡೂ ಕಡೆ ಗಟ್ಟಿ ಲೋಹ ಸಿಗಬೇಕು, ಹೋಸ್ ಜಾರದ ಹಾಗೆ ಪೈಪಿನ ತುದಿಗೆ ಉಬ್ಬು ಹಾಕಬೇಕು. ಮುಂದಿನ ಕ್ಲ್ಯಾಂಪ್ ಬಿಚ್ಚಿ ನೋಡಿದೆ. ಅಲ್ಲೂ ಅದೇ ತುಕ್ಕು ಶುರುವಾಗಿತ್ತು. ಟ್ಯಾಂಕಿನಿಂದ ಎಂಜಿನ್ನಿನವರೆಗೆ ಹೊಸ ಪೈಪನ್ನೇ ಹಾಕುವುದು ಅಂತ ನಿರ್ಧಾರ ಮಾಡಿದೆ.

ತಾಮ್ರದ ಪೈಪು ಬಾಗಿಸಲು ಸುಲಭ. ಆದರೂ ಬೇಡ ಅಂದೆ. ಕಂಪನದಲ್ಲಿ ತಾಮ್ರ ಗಡಸಾಗಿ ಬಿರಿಯುತ್ತದೆ, ಜೊತೆಗೆ ತಾಮ್ರ ತಾಗಿದ ಡೀಸೆಲ್ ಬೇಗ ಕೆಡುತ್ತದೆ. ಒಳಗೆ ಸತು ಲೇಪಿಸಿದ್ದೂ ಡೀಸೆಲ್‌ಗೆ ಆಗುವುದಿಲ್ಲ. ಹೊರಗೆ ಮಾತ್ರ ಪ್ಲಾಸ್ಟಿಕ್ ಲೇಪನ ಇರುವ ಉಕ್ಕಿನ ಪೈಪು ತಂದೆ. ಹಳೇ ಪೈಪನ್ನು ಹಾಗೇ ಇಳಿಸಿ ನೆಲದ ಮೇಲಿಟ್ಟು, ಅದರ ಬಾಗು ನೋಡಿಕೊಂಡು ಬೆಂಡರ್‌ನಲ್ಲಿ ಹೊಸದನ್ನು ಬಾಗಿಸಿದೆ. ಗರಗಸದಲ್ಲಿ ಕತ್ತರಿಸಬಾರದು, ಲೋಹದ ಪುಡಿ ಒಳಗೆ ಉಳಿಯುತ್ತದೆ. ಪೈಪ್ ಕಟರ್ ಸುತ್ತಿಸಿ ಕತ್ತರಿಸಿ, ಒಳ ಅಂಚು ನಯಗೊಳಿಸಿ, ಗಾಳಿ ಊದಿ ಸ್ವಚ್ಛ ಮಾಡಿದೆ. ಸೈಲೆನ್ಸರ್‌ನಿಂದ ದೂರ ಇಟ್ಟೆ, ಕ್ಲ್ಯಾಂಪಿನ ಒಳಗೆ ರಬ್ಬರ್ ಪಟ್ಟಿ ಇಟ್ಟೆ.

ಟ್ಯಾಂಕ್ ತುದಿಯಲ್ಲಿ ಪೈಪನ್ನು ಸೇರಿಸುವ ಗಿಡ್ಡ ರಬ್ಬರ್ ಹೋಸ್ ನೋಡಲು ಚೆನ್ನಾಗೇ ಇತ್ತು. ಆದರೂ ಬಿಡಲಿಲ್ಲ. ಡೀಸೆಲ್‌ಗೆ ಒಗ್ಗುವ ಇಂಧನ ಹೋಸ್ ತಂದು ಬದಲಿಸಿದೆ. ಹೋಸಿನ ಮೇಲೆ ಇಂಧನ ಹೋಸಿನ ಮಾನದಂಡವಾದ ಎಸ್‌ಎಇ ಜೆ30 ಆರ್9 ಅನ್ನುವ ಗುರುತು ಇದ್ದರೆ ನನಗೆ ಧೈರ್ಯ. ರೇಡಿಯೇಟರ್ ಹೋಸ್, ಗಾಳಿ ಹೋಸ್ ಇಲ್ಲಿ ಬೇಡವೇ ಬೇಡ. ಕ್ಲಿಪ್ ವಿಷಯಕ್ಕೂ ಇದೇ ಮಾತು. ಹಲ್ಲು ಕೊರೆದ ಪಟ್ಟಿಯ ಕ್ಲಿಪ್ ಬಿಗಿ ಮಾಡಿದಷ್ಟೂ ರಬ್ಬರನ್ನು ಕೊಯ್ಯುತ್ತದೆ. ಅಂಚು ಮಡಚಿದ, ಒಳಬದಿ ನುಣುಪಾದ ಇಂಧನ ಕ್ಲಿಪ್ ಬೇಕು. ಎಳೆತದ ಲೈನಿನಲ್ಲಿ ಕ್ಲಿಪ್ ಸಡಿಲ ಇದ್ದರೆ ಹನಿ ಬೀಳುವುದಿಲ್ಲ, ಗಾಳಿ ಮಾತ್ರ ಹೋಗುತ್ತದೆ. ಕಣ್ಣಿಗೆ ಕಾಣದ ತೊಂದರೆ ಇದು.

ಹೊಸ ಫಿಲ್ಟರ್ ಹಾಕಿ ಏರ್ ತೆಗೆಯಲು ಕೂತೆ. ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತುತ್ತಾ ಹೋದರೆ ಮೊದಲು ಬರೀ ಗಾಳಿ, ಆಮೇಲೆ ನೊರೆ, ಕೊನೆಗೆ ಗುಳ್ಳೆ ಇಲ್ಲದ ಡೀಸೆಲ್. ಸ್ಕ್ರೂ ಬಿಗಿ ಮಾಡಿದ ಮೇಲೂ ಒತ್ತುತ್ತಿದ್ದೆ. ಹ್ಯಾಂಡ್ ಪಂಪ್ ಗಟ್ಟಿಯಾಗಿ ಹೆಬ್ಬೆರಳಿಗೆ ಎದುರು ನಿಂತರೆ ಲೈನ್ ತುಂಬಿದೆ ಅಂತ ಅರ್ಥ. ನಾಜಲ್ ತುದಿಯಲ್ಲಿ ಪೈಪಿನ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಮೇಲೆ ಬಟ್ಟೆ ಹೊದಿಸಿ, ಸೆಲ್ಫ್ ಹೊಡೆಸಿದೆ. ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡ್ ಅಷ್ಟೇ, ಆಮೇಲೆ ಸ್ಟಾರ್ಟರ್ ತಣಿಯಲು ಬಿಡಬೇಕು. ಎಲ್ಲ ನಟ್‌ಗಳಲ್ಲಿ ಡೀಸೆಲ್ ಕಂಡ ಮೇಲೆ ಬಿಗಿ ಮಾಡಿದೆ. ಕೈಪಿಡಿ ಹೇಳುವುದು 25 ನ್ಯೂಟನ್ ಮೀಟರ್. ಮತ್ತೆ ಸೆಲ್ಫ್ ಹೊಡೆದಾಗ ಎಂಜಿನ್ ಒಂದು ಸಿಲಿಂಡರ್‌ನಲ್ಲಿ ಗುದ್ದಿತು, ತಡವರಿಸಿತು, ಬಿಳಿ ಹೊಗೆ ಉಗುಳಿತು, ಆಮೇಲೆ ನಾಲ್ಕೂ ಹಿಡಿದು ಸಮವಾಯಿತು. ಆ ಸದ್ದು ಕೇಳಿದಾಗ ಆದ ಸಂತೋಷ ಹೇಳತೀರದು.

ಸೋರಿಕೆ ನೋಡಲು ಈಗ ಕೈ ಹಾಕಬಾರದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನಾಜಲ್ ಪೈಪಿನಲ್ಲಿ ಒತ್ತಡ ನೂರು ಬಾರ್ ದಾಟುತ್ತದೆ. ಸೂಜಿಯಂಥ ಎರಚಲು ಗ್ಲೌಸ್ ಸಮೇತ ಚರ್ಮದ ಒಳಗೆ ಡೀಸೆಲ್ ನುಗ್ಗಿಸುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ನೋವೂ ಮೊದಲು ಅಷ್ಟಿರುವುದಿಲ್ಲ. ಒಳಗೆ ಮಾಂಸ ಸಾಯುತ್ತಾ ಹೋಗುತ್ತದೆ. ತಕ್ಷಣ ಆಪರೇಷನ್ ಆಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಹೀಗಾದರೆ ಮನೆಮದ್ದು ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಗೆ ಹೋಗಿದೆ ಅಂತಲೇ ಹೇಳಬೇಕು. ನಾನು ಕನ್ನಡಕ ಹಾಕಿಕೊಂಡು, ಉದ್ದನೆಯ ರಟ್ಟಿನ ತುಂಡನ್ನು ದೂರದಿಂದ ಪೈಪಿನ ಹತ್ತಿರ ಹಿಡಿದೆ. ಎರಡನೇ ಸಿಲಿಂಡರ್‌ನ ನಟ್ ಹತ್ತಿರ ರಟ್ಟಿನ ಮೇಲೆ ಸಣ್ಣ ಚುಕ್ಕೆಗಳು ಮೂಡಿದವು.

ಎಂಜಿನ್ ಆಫ್ ಮಾಡಿದೆ. ಇಂಥಲ್ಲಿ ಇನ್ನಷ್ಟು ಬಿಗಿ ಮಾಡೋಣ ಅನ್ನಿಸುವುದು ಸಹಜ. ಜಾಸ್ತಿ ಬಿಗಿ ಮಾಡಿದರೆ ಪೈಪಿನ ಶಂಕುವಿನಾಕಾರದ ತುದಿ ಜಜ್ಜಿಹೋಗುತ್ತದೆ, ಆಮೇಲೆ ಪೈಪೇ ಹೊಸದು ಬೇಕು. ಆ ಪೈಪಿನ ಎರಡೂ ತುದಿಯ ನಟ್, ನಡುವಿನ ಕ್ಲ್ಯಾಂಪ್ ಎಲ್ಲ ಸಡಿಲಿಸಿದೆ. ಪೈಪು ಸ್ವಲ್ಪ ಸರಿದು ತಾನಾಗಿಯೇ ನೇರ ಕೂತಿತು. ಕೈಯಲ್ಲೇ ನಟ್ ಕೊನೆಯವರೆಗೆ ತಿರುಗಿಸಿ, ಪಂಪ್ ಕಡೆಯ ಹೋಲ್ಡರ್ ತಿರುಗದಂತೆ ಇನ್ನೊಂದು ಸ್ಪ್ಯಾನರ್ ಕೊಟ್ಟು, ಅಳತೆಗೆ ಬಿಗಿ ಮಾಡಿದೆ. ಕ್ಲ್ಯಾಂಪ್ ಹಾಕಿದ್ದು ಕೊನೆಗೆ. ಮತ್ತೆ ರಟ್ಟು ಹಿಡಿದಾಗ ಒಣಗೇ ಇತ್ತು.

ಡೀಸೆಲ್ ಕುಡಿದಿದ್ದ ಎಂಜಿನ್ ಮೌಂಟಿಂಗ್, ರೇಡಿಯೇಟರ್ ಹೋಸ್‌ಗಳನ್ನು ಸೋಪು ನೀರಿನಲ್ಲಿ ತೊಳೆದೆ. ಹಾಗೇ ಬಿಟ್ಟರೆ ಆ ರಬ್ಬರೂ ಉಬ್ಬಿ ಮೆತ್ತಗಾಗುತ್ತದೆ. ನೆಲಕ್ಕೆ ಬಿದ್ದದ್ದಕ್ಕೆ ಮರದ ಹೊಟ್ಟು ಹಾಕಿ ಬಳಿದೆ, ಚರಂಡಿಗೆ ಬಿಡಲಿಲ್ಲ.

ಈಗ ಟ್ಯಾಂಕ್ ಕಾಲು ಭಾಗ ಇದ್ದಾಗಲೂ ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಹತ್ತಿಕೊಳ್ಳುತ್ತದೆ. ಫುಲ್ ಮಾಡಿ ನಿಲ್ಲಿಸಿದರೂ ರಟ್ಟು ಒಣಗೇ ಇರುತ್ತದೆ. ಮತ್ತೆ ಪೌಡರ್ ಉದುರಿಸಿ ನೋಡಿದಾಗ ಪಂಪಿನ ಮೇಲೆ, ಆಕ್ಸಿಲರೇಟರ್ ಲಿವರಿನ ಬುಡದಲ್ಲಿ ಮಾತ್ರ ಬಿಳುಪು ಸ್ವಲ್ಪ ಮಾಸಿತ್ತು. ಹನಿಯಾಗುವಷ್ಟಿಲ್ಲ, ತೇವ ಅಷ್ಟೇ. ಆ ಶಾಫ್ಟಿನ ಓ-ರಿಂಗ್ ಕೂಡ ಹಳೇ ನೈಟ್ರೈಲೇ ಇರಬೇಕು. ಅದನ್ನು ಬದಲಿಸಲು ಪಂಪ್ ಇಳಿಸಬೇಕಿಲ್ಲ, ಮೇಲಿನ ಮುಚ್ಚಳ ತೆಗೆದರೆ ಸಾಕು. ಲಿವರ್ ಶಾಫ್ಟಿನ ಯಾವ ಹಲ್ಲಿನ ಮೇಲೆ ಕೂತಿದೆ ಅಂತ ಮೊದಲೇ ಗುರುತು ಹಾಕಿಕೊಳ್ಳಬೇಕು, ಒಳಗೆ ಕೊಕ್ಕೆ ಹಾಕಿರುವ, ಎಂಜಿನ್ ವೇಗ ಹಿಡಿತದಲ್ಲಿಡುವ ಗವರ್ನರ್ ಸ್ಪ್ರಿಂಗ್ ಕಳಚಿ ಬೀಳದಂತೆ ನೋಡಿಕೊಳ್ಳಬೇಕು. ವೈಟಾನ್ ಓ-ರಿಂಗ್ ಮತ್ತು ಮುಚ್ಚಳದ ಗ್ಯಾಸ್ಕೆಟ್ ತಂದಿಟ್ಟಿದ್ದೇನೆ.